ಮಿಶ್ರ ಸಂಖ್ಯೆಗಳ ಅನುಪಾತ: ತೋಟದ ಲೆಕ್ಕಕ್ಕೊಂದು ಪಾಠ



ತೋಟದ ಲೆಕ್ಕದಲ್ಲಿ ಪೂರ್ಣ ಸಂಖ್ಯೆ ಸಿಗುವುದು ಅಪರೂಪ. ಜಮೀನು ಒಂದೂಕಾಲು ಎಕರೆ, ಮೈಲುತುತ್ತ ಒಂದೂಮುಕ್ಕಾಲು ಕಿಲೋ, ಪಂಪು ಓಡಿದ್ದು ಎರಡೂವರೆ ಗಂಟೆ. ಖರ್ಚು ಹಂಚುವಾಗ ಈ ಕಾಲು, ಅರೆ, ಮುಕ್ಕಾಲುಗಳನ್ನು ಕೈಬಿಟ್ಟರೆ ನೆರೆಹೊರೆಯಲ್ಲಿ ಮನಸ್ತಾಪ. ಔಷಧಿ ಬೆರೆಸುವಾಗ ಕೈಬಿಟ್ಟರೆ ಫಸಲಿಗೇ ಪೆಟ್ಟು. ಇಂತಹ ಅನುಪಾತಗಳನ್ನು ಸರಳ ರೂಪಕ್ಕೆ ತರುವ ಕ್ರಮವನ್ನು ಈ ಪಾಠದಲ್ಲಿ ತಿಳಿಯೋಣ.

ಕ್ರಮ

1. ಎಲ್ಲ ಅಳತೆಗಳನ್ನೂ ಒಂದೇ ಮಾನಕ್ಕೆ ತನ್ನಿ. ಎರಡೂವರೆ ಎಕರೆ ಮತ್ತು 30 ಗುಂಟೆಯನ್ನು 2½ : 30 ಎಂದು ಬರೆಯಬಾರದು.
2. ಮಿಶ್ರ ಸಂಖ್ಯೆಯನ್ನು ವಿಷಮ ಭಿನ್ನರಾಶಿಯಾಗಿ ಮಾಡಿ. ಪೂರ್ಣಾಂಕವನ್ನು ಛೇದದಿಂದ ಗುಣಿಸಿ, ಅಂಶವನ್ನು ಕೂಡಿಸಬೇಕು. 1¼ ಎಂದರೆ 5/4.
3. ಛೇದಗಳ ಲ.ಸಾ.ಅ.ದಿಂದ ಪ್ರತಿಯೊಂದು ಪದವನ್ನೂ ಗುಣಿಸಿ. ಒಂದನ್ನು ಗುಣಿಸಿ ಇನ್ನೊಂದನ್ನು ಬಿಟ್ಟರೆ ಅನುಪಾತ ಕೆಡುತ್ತದೆ.
4. ಬಂದ ಸಂಖ್ಯೆಗಳನ್ನು ಅವುಗಳ ಮ.ಸಾ.ಅ.ದಿಂದ ಭಾಗಿಸಿ.

ಉದಾಹರಣೆ 1: ಖರ್ಚು ಹಂಚುವುದು

ಮೂವರು ಬೆಳೆಗಾರರು ಸೇರಿ ಸಿಂಪಡಣೆ ಮಾಡಿಸಿದರು. ತೋಟಗಳು 1¼, 2½ ಮತ್ತು ¾ ಎಕರೆ. ಒಟ್ಟು ಖರ್ಚು 3,600 ರೂಪಾಯಿ.

1¼ : 2½ : ¾ = 5/4 : 5/2 : 3/4. ಛೇದಗಳ ಲ.ಸಾ.ಅ. 4. ಗುಣಿಸಿದರೆ 5 : 10 : 3. ಒಟ್ಟು ಭಾಗಗಳು 18. ಒಂದು ಭಾಗಕ್ಕೆ 200 ರೂಪಾಯಿ. ಪಾಲುಗಳು ಕ್ರಮವಾಗಿ 1,000, 2,000 ಮತ್ತು 600 ರೂಪಾಯಿ. ಕೂಡಿದರೆ 3,600 ಬರುತ್ತದೆ; ಲೆಕ್ಕ ಸರಿ.

ಇದನ್ನೇ ಗುಂಟೆಯಲ್ಲಿ ನೋಡಿ. ಎಕರೆಗೆ 40 ಗುಂಟೆಯಂತೆ 50 : 100 : 30. ಹತ್ತರಿಂದ ಭಾಗಿಸಿದರೆ ಅದೇ 5 : 10 : 3. ಸೆಂಟ್ಸ್ ಲೆಕ್ಕ ಹಾಕುವವರಿಗೂ 125 : 250 : 75, ಉತ್ತರ ಅದೇ. ಮಾನವನ್ನು ಕಿರಿದು ಮಾಡಿದಾಗ ಭಿನ್ನರಾಶಿ ತಾನಾಗಿ ಹೋಗುತ್ತದೆ. ಲ.ಸಾ.ಅ.ದಿಂದ ಗುಣಿಸುವುದರ ಅರ್ಥವೂ ಇಷ್ಟೇ.

ಉದಾಹರಣೆ 2: ಛೇದ ಬೇರೆಬೇರೆ ಇದ್ದಾಗ

ಒಂದೇ ಡೀಸೆಲ್ ಪಂಪು ಒಬ್ಬರ ತೋಟದಲ್ಲಿ 2½ ಗಂಟೆ, ಇನ್ನೊಬ್ಬರಲ್ಲಿ 1 ಗಂಟೆ 40 ನಿಮಿಷ, ಅಂದರೆ 1⅔ ಗಂಟೆ ಓಡಿತು. 5/2 : 5/3, ಲ.ಸಾ.ಅ. 6. ಗುಣಿಸಿದರೆ 15 : 10, ಸರಳ ರೂಪ 3 : 2. ತಾಳೆ ನೋಡಲು ನಿಮಿಷ ಮಾಡಿ: 150 : 100, ಅದೂ 3 : 2.

ಒಂದು ಎಚ್ಚರಿಕೆ

2½ : 3¾ ಎಂಬುದನ್ನು ಕೆಲವರು ಭಿನ್ನರಾಶಿ ಅಳಿಸಿ 2 : 3 ಎನ್ನುತ್ತಾರೆ. ಉತ್ತರವೇನೋ ಸರಿ (10 : 15), ಆದರೆ ಅದು ಆಕಸ್ಮಿಕ. ½ : ¾ ಕೂಡ 2 : 3 ಆಗಿರುವುದರಿಂದ ಹೊಂದಿಬಂತು. ಅದೇ ರೀತಿ 1½ : 3½ ಅನ್ನು 1 : 3 ಎಂದರೆ ತಪ್ಪು, ಸರಿಯಾದದ್ದು 3 : 7.

ಉದಾಹರಣೆ 3: ಬೋರ್ಡೋ ದ್ರಾವಣ

ಅಡಿಕೆಯ ಕೊಳೆರೋಗಕ್ಕೆ ಸಿಂಪಡಿಸುವ ಶೇಕಡಾ 1ರ ದ್ರಾವಣದಲ್ಲಿ ಮೈಲುತುತ್ತ 1 ಕಿಲೋ, ಸುಟ್ಟ ಸುಣ್ಣ 1 ಕಿಲೋ, ನೀರು 100 ಲೀಟರ್. ಒಂದು ಲೀಟರ್ ನೀರು ಒಂದು ಕಿಲೋ ತೂಗುವುದರಿಂದ 1 : 1 : 100 ಎಂದು ಬರೆಯಬಹುದು. ಮನೆಯಲ್ಲಿ ಮೈಲುತುತ್ತ 1¾ ಕಿಲೋ ಇದ್ದರೆ ಸುಣ್ಣವೂ 1¾ ಕಿಲೋ, ನೀರು 175 ಲೀಟರ್. ತಾಳೆ: 1¾ : 1¾ : 175 ಅನ್ನು 4ರಿಂದ ಗುಣಿಸಿದರೆ 7 : 7 : 700, ಅಂದರೆ 1 : 1 : 100.

‘ಡ್ರಮ್ಮು ಹೇಗೂ 200 ಲೀಟರಿನದು’ ಎಂದು ತುಂಬಿಸಿಬಿಟ್ಟರೆ? 1¾ : 200 = 7 : 800. ಶೇಕಡಾ 1 ಇರಬೇಕಾದಲ್ಲಿ 0.875 ಮಾತ್ರ. ಮಳೆಗಾಲ ಪೂರ್ತಿ ಗೊನೆ ಕಾಯಬೇಕಾದ ಔಷಧಿ ಎಂಟನೆಯ ಒಂದು ಪಾಲು ತೆಳುವಾಯಿತು. ಸುಣ್ಣ 1½ ಕಿಲೋ ಮಾತ್ರ ಹಾಕಿದರೆ ಅನುಪಾತ 7 : 6. ಸುಣ್ಣ ಸಾಲದೆ ಉಳಿದ ತಾಮ್ರ ಎಲೆ, ಎಳೆಕಾಯಿಗಳನ್ನು ಸುಡಬಹುದು. ಸುಣ್ಣದ ಗುಣ ಒಂದೇ ಸಮನಿರುವುದಿಲ್ಲವಾದ್ದರಿಂದ ತೂಕ ಸರಿಯಿದ್ದರೂ ಪರೀಕ್ಷೆ ಬೇಕು. ಉಜ್ಜಿ ಹೊಳಪು ಮಾಡಿದ ಕಬ್ಬಿಣದ ಚೂರಿಯನ್ನು ದ್ರಾವಣದಲ್ಲಿ ಅದ್ದಿ. ಕೆಂಪು ಲೇಪ ಕೂತರೆ ಇನ್ನಷ್ಟು ಸುಣ್ಣದ ತಿಳಿ ಸೇರಿಸಿ.

ಉದಾಹರಣೆ 4: ಗೊಬ್ಬರ

ಫಲ ಕೊಡುವ ಅಡಿಕೆ ಮರವೊಂದಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್ ಎಂಬುದು ಶಿಫಾರಸು. ರಂಜಕವನ್ನು 1 ಎಂದಿಟ್ಟರೆ 2½ : 1 : 3½, ಎರಡರಿಂದ ಗುಣಿಸಿದರೆ 5 : 2 : 7.

ಆದರೆ ಇದು ಪೋಷಕಾಂಶಗಳ ಅನುಪಾತ, ಚೀಲದ ಗೊಬ್ಬರದ್ದಲ್ಲ. ಯೂರಿಯಾದಲ್ಲಿ ಸಾರಜನಕ ಶೇಕಡಾ 46. ಆದ್ದರಿಂದ 100 ಗ್ರಾಂಗೆ ಸುಮಾರು 217 ಗ್ರಾಂ ಯೂರಿಯಾ ಬೇಕು. ಶೇಕಡಾ 20ರ ಶಿಲಾರಂಜಕ 200 ಗ್ರಾಂ, ಶೇಕಡಾ 60ರ ಮ್ಯೂರಿಯೇಟ್ ಆಫ್ ಪೊಟ್ಯಾಷ್ ಸುಮಾರು 233 ಗ್ರಾಂ. ಗೊಬ್ಬರಗಳನ್ನೇ 5 : 2 : 7ರಂತೆ ತೂಗಿ ಹಾಕಿದರೆ ಮರಕ್ಕೆ ರಂಜಕ ಬಹಳ ಕಡಿಮೆಯಾಗುತ್ತದೆ.

ಅಭ್ಯಾಸ

ಮನೆಯ ಮಕ್ಕಳನ್ನೂ ಕೂರಿಸಿಕೊಂಡು ಮಾಡಿ ನೋಡಿ.

1. 2¼ : 1½ ಅನ್ನು ಸರಳಗೊಳಿಸಿ.
2. 3⅓ : 2½ ಅನ್ನು ಸರಳಗೊಳಿಸಿ.
3. 1½, 2¼, ¾ ಎಕರೆಯ ಮೂವರು 2,400 ರೂಪಾಯಿ ಖರ್ಚನ್ನು ಹೇಗೆ ಹಂಚಿಕೊಳ್ಳಬೇಕು?
4. 1¼ ಕಿಲೋ ಮೈಲುತುತ್ತಕ್ಕೆ ಶೇಕಡಾ 1ರ ದ್ರಾವಣಕ್ಕೆ ನೀರೆಷ್ಟು?

ಉತ್ತರಗಳು: (1) 3 : 2. (2) 4 : 3. (3) 2 : 3 : 1ರಂತೆ 800, 1,200, 400 ರೂಪಾಯಿ. (4) 125 ಲೀಟರ್.