ಘಾಟಿಯ ಇಳಿತ ಮತ್ತು ಕಾರಿನ ಬ್ರೇಕು

ಕಾರಿನ ವೇಗವನ್ನು ಹೊಗಳುವವರು ಅನೇಕರು. ಆ ವೇಗವನ್ನು ತಡೆಯುವ ಸಾಧನವನ್ನು ನೆನೆಯುವವರು ವಿರಳ. ಆದರೆ ಪುತ್ತೂರು, ಸುಳ್ಯ, ಕಡಬ ತಾಲ್ಲೂಕುಗಳಲ್ಲಿ ವಾಸಿಸುವ ನಮಗೆ ಬ್ರೇಕಿನ ವಿಚಾರವು ಉಪೇಕ್ಷಿಸತಕ್ಕದ್ದಲ್ಲ. ಪುತ್ತೂರಿನಿಂದ ಸುಳ್ಯದ ಮಾರ್ಗವಾಗಿ ಮೈಸೂರಿನತ್ತ ಹೋಗುವ ಹೆದ್ದಾರಿಯು ಸಂಪಾಜೆಯನ್ನು ದಾಟಿ ಘಾಟಿಯನ್ನೇರಿ ಮಡಿಕೇರಿಯನ್ನು ಸೇರುತ್ತದೆ. ಕಡಬದ ಕಡೆಯವರಿಗೆ ಗುಂಡ್ಯದಿಂದ ಸಕಲೇಶಪುರದತ್ತ ಏರುವ ಶಿರಾಡಿ ಘಾಟಿಯಿದೆ. ಘಾಟಿ ಏರುವಾಗ ನಡೆಯುವುದು ಎಂಜಿನ್ನಿನ ಪರೀಕ್ಷೆ. ಇಳಿಯುವಾಗ ನಡೆಯುವುದು ಬ್ರೇಕಿನ ಪರೀಕ್ಷೆ. ಈ ಎರಡನೆಯ ಪರೀಕ್ಷೆಯಲ್ಲಿ ಅನುತ್ತೀರ್ಣರಾದವರಿಗೆ ಮರುಪರೀಕ್ಷೆಯ ಅವಕಾಶ ದೊರೆಯುವುದೆಂಬ ಭರವಸೆಯಿಲ್ಲ.

ಶಕ್ತಿ ಎಲ್ಲಿಗೆ ಹೋಯಿತು?

ಓಡುವ ಕಾರಿನಲ್ಲಿ ಚಲನಶಕ್ತಿಯಿದೆ. ಕಾರು ನಿಂತಾಗ ಆ ಶಕ್ತಿ ಇಲ್ಲವಾಯಿತೆಂದು ತೋರುವುದಾದರೂ, ಶಕ್ತಿಗೆ ನಾಶವಿಲ್ಲವೆಂಬುದನ್ನು ನಾವು ಬಲ್ಲೆವು. ಚಕ್ರದೊಡನೆ ತಿರುಗುವ ಎರಕದ ಕಬ್ಬಿಣದ ತಟ್ಟೆಯನ್ನು, ಎಂದರೆ ಡಿಸ್ಕನ್ನು, ಎರಡು ಪ್ಯಾಡುಗಳು ಇಕ್ಕೆಲದಿಂದ ಒತ್ತಿಹಿಡಿಯುತ್ತವೆ. ಹಿಂದಿನ ಚಕ್ರಗಳಲ್ಲಿ ಹೆಚ್ಚಾಗಿ ಡ್ರಮ್ಮಿನ ಒಳಮೈಯನ್ನು ಎರಡು ಶೂಗಳು ಒಳಗಿನಿಂದ ಒತ್ತುತ್ತವೆ. ಘರ್ಷಣೆಯಿಂದ ಚಲನಶಕ್ತಿಯು ಉಷ್ಣವಾಗಿ ಮಾರ್ಪಟ್ಟು ಗಾಳಿಯನ್ನು ಸೇರುತ್ತದೆ. ಬ್ರೇಕೆಂಬುದು ಚಲನೆಯನ್ನು ಉಷ್ಣವಾಗಿ ಮಾರ್ಪಡಿಸುವ ಯಂತ್ರವಲ್ಲದೆ ಬೇರೇನೂ ಅಲ್ಲ.

ಈ ಉಷ್ಣದ ಪ್ರಮಾಣವೆಷ್ಟು? ಪ್ರಯಾಣಿಕರೂ ಸೇರಿ 1,200 ಕಿಲೋಗ್ರಾಮ್ ತೂಗುವ ಕಾರು ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿರುವಾಗ ಅದರ ಚಲನಶಕ್ತಿಯು ಸುಮಾರು 1,67,000 ಜೂಲ್. ಅದೇ ಕಾರು ಮಡಿಕೇರಿಯಿಂದ ಸುಳ್ಯದವರೆಗೆ ಇಳಿಯಿತೆನ್ನೋಣ. ಈ ಎರಡು ಊರುಗಳ ಎತ್ತರದ ಅಂತರವನ್ನು ಸ್ಥೂಲವಾಗಿ 1,000 ಮೀಟರ್ ಎಂದು ಹಿಡಿದರೆ, ಕಾರು ಕಳೆದುಕೊಳ್ಳುವ ಸ್ಥಿತಿಶಕ್ತಿಯು 1 ಕೋಟಿ 17 ಲಕ್ಷ ಜೂಲ್‌ಗಳಿಗೂ ಹೆಚ್ಚು. ಗಂಟೆಗೆ 60 ಕಿಲೋಮೀಟರ್ ವೇಗದ ಕಾರನ್ನು 70 ಸಲ ನಿಲ್ಲಿಸಿದಷ್ಟು ಶಕ್ತಿಯಿದು! ಬಾವಿಯಿಂದ ಆಗತಾನೇ ಸೇದಿದ ಸುಮಾರು 40 ಲೀಟರ್ ನೀರನ್ನು ಕುದಿಯುವ ಮಟ್ಟಕ್ಕೆ ತರಲು ಇಷ್ಟು ಶಾಖ ಸಾಕು. ಗಾಳಿಯ ತಡೆ, ಟಯರುಗಳ ಘರ್ಷಣೆ ಮತ್ತು ಎಂಜಿನ್ನು ಇದರಲ್ಲೊಂದು ಪಾಲನ್ನು ಹೀರುತ್ತವೆ. ಉಳಿದುದನ್ನೆಲ್ಲ ಅಂಗೈಯಗಲದ ಕೆಲವು ಪ್ಯಾಡುಗಳು ಸಹಿಸಬೇಕು. ಮಿತಿಮೀರಿ ಕಾದ ಪ್ಯಾಡಿನ ಘರ್ಷಣೆ ಕುಗ್ಗುತ್ತದೆ. ಆಗ ಎಷ್ಟು ಬಲವಾಗಿ ತುಳಿದರೂ ಕಾರು ಬೇಕಾದಷ್ಟು ನಿಧಾನವಾಗದು.

ದ್ರವದ ಪಾತ್ರ

ಕಾಲಿನ ಬಲವನ್ನು ಚಕ್ರಕ್ಕೆ ಸಾಗಿಸುವುದು ಒಂದು ದ್ರವ. ಮುಚ್ಚಿದ ದ್ರವದ ಮೇಲೆ ಹಾಕಿದ ಒತ್ತಡವು ಎಲ್ಲೆಡೆಗೂ ಸಮನಾಗಿ ಹರಡುವುದೆಂದು 17ನೆಯ ಶತಮಾನದಲ್ಲಿ ಫ್ರಾನ್ಸಿನ ಬ್ಲೇಸ್ ಪಾಸ್ಕಲನು ತೋರಿಸಿದುದನ್ನು ವಿದ್ಯಾರ್ಥಿಗಳು ಓದಿರಬಹುದು. ಪೆಡಲಿನ ಬಳಿಯ ಪಿಸ್ಟನ್ನಿನ ವಿಸ್ತೀರ್ಣ 4 ಚದರ ಸೆಂಟಿಮೀಟರ್, ಚಕ್ರದ ಬಳಿಯದು 20 ಚದರ ಸೆಂಟಿಮೀಟರ್ ಆಗಿದ್ದರೆ, ಬಲವು ಐದು ಪಟ್ಟು ಹೆಚ್ಚುತ್ತದೆ.

ಈ ದ್ರವವನ್ನು ವರ್ಕ್‌ಶಾಪುಗಳಲ್ಲಿ ‘ಬ್ರೇಕ್ ಆಯಿಲ್’ ಎನ್ನುವುದು ರೂಢಿ. ಸಾಮಾನ್ಯವಾಗಿ ಇದು ಎಣ್ಣೆಯಲ್ಲ. ಗ್ಲೈಕಾಲ್ ಜಾತಿಯ ದ್ರವ. ಇದರ ಬದಲು ಎಂಜಿನ್ ಎಣ್ಣೆಯನ್ನು ಸುರಿದರೆ ಒಳಗಿನ ರಬ್ಬರಿನ ಭಾಗಗಳು ಉಬ್ಬಿ ಕೆಡುತ್ತವೆ. ಈ ದ್ರವಕ್ಕೆ ಗಾಳಿಯ ತೇವವನ್ನು ಮೆಲ್ಲಮೆಲ್ಲನೆ ಹೀರುವ ಗುಣವೂ ಉಂಟು. ‘ಡಾಟ್ 4’ ಎಂಬ ದರ್ಜೆಯ ಹೊಸ ದ್ರವದ ಕುದಿಬಿಂದು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಇರಬೇಕೆಂಬುದು ನಿಯಮ. ನೂರರಲ್ಲಿ ನಾಲ್ಕು ಪಾಲಿನಷ್ಟು ನೀರು ಬೆರೆತರೆ ಅದು 155 ಡಿಗ್ರಿಯ ಆಸುಪಾಸಿಗೆ ಇಳಿದೀತು. ಘಾಟಿಯ ಇಳಿತದಲ್ಲಿ ಈ ಉಷ್ಣತೆ ಅಸಾಧ್ಯವೇನಲ್ಲ. ಆಗ ದ್ರವವು ಕುದಿದು ಆವಿಯ ಗುಳ್ಳೆಗಳು ಹುಟ್ಟುತ್ತವೆ. ದ್ರವವನ್ನು ಅದುಮಿ ಕುಗ್ಗಿಸಲಾಗದು; ಆವಿಯನ್ನು ಸುಲಭವಾಗಿ ಕುಗ್ಗಿಸಬಹುದು. ಆದುದರಿಂದ ತುಳಿದ ಪೆಡಲು ತಳದವರೆಗೆ ಹೋದರೂ ಚಕ್ರಕ್ಕೆ ಬಲವು ಮುಟ್ಟದು. ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ನಮ್ಮ ಸೀಮೆಯ ಆರ್ದ್ರ ಹವೆಯಲ್ಲಿ ಈ ದ್ರವವನ್ನು ಎರಡು ವರ್ಷಗಳಿಗೊಮ್ಮೆಯಾದರೂ ಬದಲಾಯಿಸುವುದು ಲೇಸು.

ದುರಸ್ತಿಯ ಸೂಚನೆಗಳು

ಬ್ರೇಕು ಅನೇಕ ವೇಳೆ ಮುನ್ಸೂಚನೆಯನ್ನು ಕೊಟ್ಟೇ ಕೆಡುತ್ತದೆ. ಅದರ ಭಾಷೆಯನ್ನು ತಿಳಿದಿರಬೇಕು.

ತುಳಿದಾಗಲೆಲ್ಲ ‘ಕೀಂ’ ಎಂಬ ತೀಕ್ಷ್ಣ ಶಬ್ದ ಬಂದರೆ ಪ್ಯಾಡು ಸವೆದಿರಬಹುದು. ಈ ಎಚ್ಚರಿಕೆಗಾಗಿಯೇ ಕೆಲವು ಪ್ಯಾಡುಗಳಲ್ಲಿ ಸಣ್ಣದೊಂದು ಲೋಹದ ಪಟ್ಟಿ ಇರುತ್ತದೆ. ಪ್ಯಾಡಿನ ದಪ್ಪ 3 ಮಿಲಿಮೀಟರಿಗೆ ಇಳಿದರೆ ಬದಲಾಯಿಸುವುದೇ ಸರಿ. ‘ಗರಗರ’ ಎಂದು ಉಜ್ಜುವ ಸದ್ದು ಕೇಳಿಸಿದರೆ ಪ್ಯಾಡು ಪೂರ್ಣವಾಗಿ ತೇದು, ಲೋಹವು ಲೋಹವನ್ನು ಕೆರೆಯುತ್ತಿರಬಹುದು. ಆಮೇಲೆ ಒಂದು ದಿನವೂ ತಡಮಾಡಬಾರದು. ಮಳೆಯ ರಾತ್ರಿ ಕಳೆದ ಬೆಳಿಗ್ಗೆ ಒಂದೆರಡು ಸಲ ಕೇಳಿಸಿ ನಿಂತುಹೋಗುವ ಸದ್ದು ಡಿಸ್ಕಿನ ಮೇಲಿನ ತೆಳು ತುಕ್ಕಿನದು, ಅದಕ್ಕೆ ಅಂಜಬೇಕಾಗಿಲ್ಲ.

ಪೆಡಲು ಸ್ಪಂಜಿನಂತೆ ಮೆತ್ತಗಾದರೆ ದ್ರವದಲ್ಲಿ ಗಾಳಿ ಸೇರಿದೆಯೆಂದು ಸಂಶಯಿಸಬೇಕು. ಕಾಲಿಟ್ಟಂತೆಯೇ ಮೆಲ್ಲನೆ ಕುಸಿಯುತ್ತ ಹೋದರೆ ಸೋರಿಕೆಯಿರಬಹುದು, ಇಲ್ಲವೆ ಪೆಡಲಿನ ಬಳಿಯ ಪಿಸ್ಟನ್ನಿನ ರಬ್ಬರು ಕೆಟ್ಟಿರಬಹುದು. ಬ್ರೇಕು ಹಿಡಿದಾಗ ಕಾರು ಒಂದು ಪಕ್ಕಕ್ಕೆ ಎಳೆದರೆ ಎಡಬಲದ ಚಕ್ರಗಳಲ್ಲಿ ಬಲವು ಸಮನಾಗಿಲ್ಲ. ಪೆಡಲು ನಡುಗಿದರೆ ಡಿಸ್ಕಿನ ದಪ್ಪವು ಎಲ್ಲೆಡೆ ಒಂದೇ ಸಮನಾಗಿ ಉಳಿದಿಲ್ಲವೆಂದು ಊಹಿಸಬಹುದು. ದ್ರವದ ಡಬ್ಬಿಯಲ್ಲಿ ಮಟ್ಟ ಇಳಿದಿದ್ದರೆ, ಮೇಲಿಂದ ತುಂಬಿ ಮರೆತುಬಿಡಬಾರದು; ಅದು ಪ್ಯಾಡಿನ ಸವೆತದಿಂದಲೋ ಸೋರಿಕೆಯಿಂದಲೋ ಎಂದು ಪರೀಕ್ಷಿಸಿಸಬೇಕು.

ಘಾಟಿ ಇಳಿಯುವ ಕ್ರಮ

ಬ್ರೇಕು ಎಷ್ಟೇ ಸುಸ್ಥಿತಿಯಲ್ಲಿದ್ದರೂ ಅದರ ಮೇಲೆ ಪೂರ್ತಿ ಹೊರೆ ಹೇರಬಾರದು. ಇಳಿಜಾರು ತೊಡಗುವ ಮೊದಲೇ ಎರಡನೆಯ ಅಥವಾ ಮೂರನೆಯ ಗೇರಿಗೆ ಬಂದರೆ ಎಂಜಿನ್ನೇ ಕಾರನ್ನು ಹಿಡಿದಿಡುತ್ತದೆ. ಪೆಡಲನ್ನು ಉದ್ದಕ್ಕೂ ಒತ್ತಿಹಿಡಿಯದೆ, ತಿರುವಿಗೆ ಮುನ್ನ ದೃಢವಾಗಿ ತುಳಿದು ಅನಂತರ ಬಿಡಬೇಕು. ನಡುವಿನ ಬಿಡುವಿನಲ್ಲಿ ಗಾಳಿಯು ಡಿಸ್ಕನ್ನು ತಣಿಸುತ್ತದೆ. ಪೆಟ್ರೋಲು ಉಳಿಯುವುದೆಂಬ ಆಸೆಯಿಂದ ನ್ಯೂಟ್ರಲಿನಲ್ಲಿ ಇಳಿಯುವ ಅಭ್ಯಾಸವೊಂದು ಕೆಲವರಲ್ಲಿದೆ. ಇಂಧನವನ್ನು ಸಿಂಪಡಿಸುವ ಈಗಿನ ಎಂಜಿನ್ನುಗಳಲ್ಲಿ, ಗೇರಿನಲ್ಲಿದ್ದು ಆಕ್ಸಿಲರೇಟರಿನಿಂದ ಕಾಲು ತೆಗೆದಾಗ ಸಾಮಾನ್ಯವಾಗಿ ಇಂಧನದ ಹರಿವೇ ನಿಲ್ಲುತ್ತದೆ. ನ್ಯೂಟ್ರಲಿನಲ್ಲಾದರೋ ಎಂಜಿನ್ನನ್ನು ಓಡಿಸಲು ಇಂಧನ ಬೇಕೇ ಬೇಕು. ಹೀಗೆ ಆ ಉಳಿತಾಯವೂ ಭ್ರಮೆಯೇ. ಎಂಜಿನ್ನನ್ನು ಆರಿಸಿ ಇಳಿಯುವುದಂತೂ ಮತ್ತಷ್ಟು ಅಪಾಯ: ಪೆಡಲಿಗೆ ನೆರವಾಗುವ ನಿರ್ವಾತದ ಸಹಾಯವು ಎರಡು ಮೂರು ತುಳಿತಗಳಲ್ಲಿ ಮುಗಿದುಹೋಗುತ್ತದೆ. ಸುಟ್ಟ ವಾಸನೆ ಬಂದರೆ ಸುರಕ್ಷಿತವಾದ ಸ್ಥಳದಲ್ಲಿ ಕಾರನ್ನು ನಿಲ್ಲಿಸಿ, ಬ್ರೇಕು ತಾನಾಗಿ ಆರುವವರೆಗೆ ಕಾಯಬೇಕು. ಕಾದ ಡಿಸ್ಕಿನ ಮೇಲೆ ನೀರು ಎರಚಬಾರದು.

ವಿದ್ಯಾರ್ಥಿಗಳಿಗೆ ಒಂದು ಲೆಕ್ಕ: ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಬರುವ ಕಾರು ಬ್ರೇಕು ಹಿಡಿದ ಮೇಲೆ 20 ಮೀಟರಿನಲ್ಲಿ ನಿಂತರೆ, ಅದೇ ರಸ್ತೆಯಲ್ಲಿ 80 ಕಿಲೋಮೀಟರ್ ವೇಗದ ಕಾರು ನಿಲ್ಲಲು ಎಷ್ಟು ದೂರ ಬೇಕು? ಚಲನಶಕ್ತಿಯು ವೇಗದ ವರ್ಗವನ್ನು ಅವಲಂಬಿಸಿದೆ ಎಂಬುದನ್ನು ನೆನೆದು ಉತ್ತರಿಸಿರಿ. ಬಂದ ಉತ್ತರವನ್ನು ಮನೆಯಲ್ಲಿ ಕಾರು ನಡೆಸುವವರಿಗೂ ತಿಳಿಸಿರಿ.