ಊರಿನ ಸಿಮ್ಮು ಕಿವಿ ಮಾತ್ರ, ಬಾಯಲ್ಲ

ಪುಟ್ಟೀ, ಅಪ್ಪ ಅಮ್ಮನನ್ನು ಕರೆದುಕೊಂಡು ಹತ್ತು ದಿನ ಯುರೋಪಿಗೆ ಹೊರಟಿದ್ದೀಯಂತೆ, ಕೇಳಿ ಖುಷಿಯಾಯ್ತು. ಚಟ್ನಿಪುಡಿ, ಸ್ವೆಟರಿನ ವಿಚಾರ ನಿನ್ನ ದೊಡ್ಡಮ್ಮ ಹೇಳ್ತಾಳೆ. ಫೋನಿನ ವಿಚಾರ ನನಗೆ ಬಿಡು. ಅದರಲ್ಲಿ ಕೈ ಸುಟ್ಟುಕೊಂಡವನು ನಾನು.

• ಹೊರಡುವ ಒಂದು ವಾರ ಮೊದಲೇ ಮೂವರ ಸಿಮ್ಮಿಗೂ ಇಂಟರ್‌ನ್ಯಾಷನಲ್ ರೋಮಿಂಗ್ ಆನ್ ಮಾಡಿಸು. ಮಾತಾಡೋಕಲ್ಲ, ಬ್ಯಾಂಕಿನ ಒಟಿಪಿ ಬರಲಿ ಅಂತ. ಬರುವ ಮೆಸೇಜಿಗೆ ಸಾಮಾನ್ಯವಾಗಿ ದುಡ್ಡು ಹಿಡಿಯೋದಿಲ್ಲ, ಆದರೂ ಕಸ್ಟಮರ್ ಕೇರಿನಲ್ಲಿ ಒಂದು ಮಾತು ಕೇಳಿಬಿಡು. ಕರೆ ಎತ್ತಿದರೆ ಮಾತ್ರ ನಿಮಿಷದ ಲೆಕ್ಕ ಶುರುವಾಗುತ್ತೆ. ಬೇಸಿಗೆಯಲ್ಲಿ ಪ್ಯಾರಿಸ್ ನಮಗಿಂತ ಮೂರೂವರೆ ಗಂಟೆ ಹಿಂದೆ. ಇಲ್ಲಿ ಬೆಳಗ್ಗೆ ಒಂಬತ್ತಕ್ಕೆ ಪರ್ಸನಲ್ ಲೋನ್ ಬೇಕಾ ಅಂತ ಫೋನು ಮಾಡೋರಿಗೆ ನಿಮ್ಮಪ್ಪ ಅಲ್ಲಿ ಐದೂವರೆಗೆ ಎದ್ದು "ಹಲೋ, ಯಾರು?" ಅಂದರೆ, ಆ ಎರಡು ಪದಕ್ಕೂ ಬಿಲ್ಲು.

• ಆ ಸಿಮ್ಮಿನ ಡೇಟಾ ರೋಮಿಂಗ್ ಮಾತ್ರ ಆಫ್ ಇರಲಿ. ವಿಮಾನ ಹತ್ತುವ ಮುಂಚೆ ಮೂರೂ ಫೋನನ್ನು ನೀನೇ ಕೈಗೆ ತಗೊಂಡು ನೋಡು. "ಮಾಡಿದೀನಿ ಕಣೇ" ಅಂತ ನಿಮ್ಮಪ್ಪ ಹೇಳಿದರೆ ನಂಬಬೇಡ, ನನ್ನ ತಮ್ಮ ಅವನು.

• ಇಂಟರ್‌ನೆಟ್ಟಿಗೆ ಇ-ಸಿಮ್ ತಗೋ. ನಿನ್ನ ಫೋನಿಗೆ ಅದು ಆಗುತ್ತೋ ಇಲ್ಲವೋ ನೋಡೋಕೆ *#06# ಒತ್ತು, ಐಎಂಇಐ ಜೊತೆ ಇಐಡಿ ಅನ್ನೋ ಉದ್ದ ಸಂಖ್ಯೆ ಕಂಡರೆ ಆಗುತ್ತೆ. ಮನೆಯ ವೈಫೈನಲ್ಲೇ ಹಾಕಿಕೋ. ಕ್ಯೂಆರ್ ಕೋಡು ಅದೇ ಫೋನಿಗೆ ಬಂದರೆ ಅದೇ ಫೋನಿನಿಂದ ಸ್ಕ್ಯಾನ್ ಮಾಡೋದು ಪೀಕಲಾಟ, ಅಮ್ಮನ ಫೋನಿಗೆ ಕಳಿಸಿ, ಅದರಲ್ಲಿ ತೆರೆದು ನಿನ್ನ ಫೋನಿನಿಂದ ಸ್ಕ್ಯಾನ್ ಮಾಡು. ದಿನದ ಲೆಕ್ಕ ಶುರುವಾಗೋದು ಇ-ಸಿಮ್ ಹಾಕಿದ ದಿನದಿಂದಲೋ, ಅಲ್ಲಿ ನೆಟ್‌ವರ್ಕ್ ಸಿಕ್ಕ ದಿನದಿಂದಲೋ ಅನ್ನೋದು ಪ್ಯಾಕಿನಿಂದ ಪ್ಯಾಕಿಗೆ ಬೇರೆ, ಓದಿಕೋ. ಮ್ಯಾಪು, ವಾಟ್ಸಾಪಿಗೆ ಐದು ಜಿಬಿ ಧಾರಾಳ. ವೀಡಿಯೋ ಕಾಲ್ ಹೋಟೆಲಿನ ವೈಫೈನಲ್ಲಿ ಆಗಲಿ.

• ಈಗ ಸ್ವಿಟ್ಜರ್ಲೆಂಡ್. ಯುರೋಪಿಯನ್ ಒಕ್ಕೂಟದಲ್ಲಿ 2017ರ ಜೂನ್ 15ರಿಂದ ರೋಮಿಂಗ್ ಶುಲ್ಕ ಇಲ್ಲ. ಪ್ಯಾರಿಸ್‌ನಲ್ಲಿ ಕೊಂಡ ಸಿಮ್ಮು ರೋಮಿನಲ್ಲೂ ಅದೇ ದರಕ್ಕೆ ನಡೆಯುತ್ತೆ, 2032ರವರೆಗೂ ಆ ನಿಯಮ ಮುಂದುವರಿಸಿದ್ದಾರೆ. ಆದರೆ ಸ್ವಿಟ್ಜರ್ಲೆಂಡ್ ಆ ಒಕ್ಕೂಟದಲ್ಲಿಲ್ಲ, ಬ್ರಿಟನ್ನೂ ಈಗ ಇಲ್ಲ. ನಾವು ಹೋದಾಗ ಇದು ನನಗೆ ಗೊತ್ತಿರಲಿಲ್ಲ. ಜರ್ಮನಿಯ ಟಿಟಿಸೀಯಿಂದ ಬಸ್ಸು ರೈನ್ ಜಲಪಾತದ ಕಡೆ ಹೊರಟಿತು. ಗಡಿ ದಾಟಿದ್ದು ಸಹ ಗೊತ್ತಾಗಲಿಲ್ಲ, ನಾನು ಕಿಟಕಿಗೆ ತಲೆ ಕೊಟ್ಟು ನಿದ್ದೆಯಲ್ಲಿದ್ದೆ. ಯುರೋಪಿನಲ್ಲಿ ಕೊಂಡಿದ್ದ ಸಿಮ್ಮು ಸುಮ್ಮನಾಯ್ತು. ಒಂದು ಸಿಮ್ಮಿನಲ್ಲಿ ನೆಟ್ ಹೋದರೆ ಇನ್ನೊಂದಕ್ಕೆ ಜಾರುವ ಸೆಟ್ಟಿಂಗ್ ಫೋನಿನಲ್ಲಿ ಆನ್ ಇತ್ತು, ಊರಿನ ಸಿಮ್ಮಿನ ಡೇಟಾ ರೋಮಿಂಗೂ ಆನ್ ಇತ್ತು. ಅದೇ ಹೊತ್ತಿಗೆ ನಮ್ಮ ಫ್ಯಾಮಿಲಿ ಗ್ರೂಪಿನಲ್ಲಿ ಯಾರದೋ ನಾಮಕರಣದ ಫೋಟೋಗಳು ಸುರಿದವು, ಒಂದೇ ತೊಟ್ಟಿಲು, ಹನ್ನೆರಡು ಕೋನದಿಂದ. ಎಲ್ಲವೂ ತಾನಾಗೇ ಇಳಿದವು. ಆ ಒಂದು ಗಂಟೆಗೆ ಬಂದ ಬಿಲ್ಲು ನಮ್ಮ ಮನೆಯ ಎರಡು ತಿಂಗಳ ಕರೆಂಟ್ ಬಿಲ್ಲಿಗಿಂತ ಜಾಸ್ತಿ. ಪ್ಯಾಕಿನ ಮೇಲೆ "ಯುರೋಪ್" ಅಂತ ದಪ್ಪಕ್ಷರದಲ್ಲಿ ಬರೆದಿದ್ದರೆ ಸಾಲದು, ಒಳಗಿನ ದೇಶಗಳ ಪಟ್ಟಿಯಲ್ಲಿ ಸ್ವಿಟ್ಜರ್ಲೆಂಡ್ ಹೆಸರಿದೆಯಾ ಅಂತ ಕಣ್ಣಾರೆ ನೋಡು.

• ವಾಟ್ಸಾಪ್ ಸೆಟ್ಟಿಂಗಿನಲ್ಲಿ ಫೋಟೋ, ವೀಡಿಯೋ ತಾನಾಗಿ ಇಳಿಯೋದನ್ನು ನಿಲ್ಲಿಸು. ಹೊಸ ಸಿಮ್ಮು ಹಾಕಿದ ಮೇಲೆ ನಂಬರ್ ಬದಲಿಸಲಾ ಅಂತ ಅದು ಕೇಳಿದರೆ ಬೇಡ ಅನ್ನು, ಹಳೇ ನಂಬರಿನಲ್ಲೇ ನಡೆಯುತ್ತೆ.

• ಮೂವರಿಗೂ ಪ್ಯಾಕ್ ಬೇಡ ಅನ್ನಿಸಬಹುದು, ನಿನ್ನ ಹಾಟ್‌ಸ್ಪಾಟಿನಲ್ಲೇ ಅವರದೂ ನಡೆಯುತ್ತಲ್ಲ ಅಂತ. ನಡೆಯುತ್ತೆ, ಅವರು ನಿನ್ನ ಪಕ್ಕದಲ್ಲೇ ಇರುವ ತನಕ. ಐಫೆಲ್ ಟವರಿನ ಕೆಳಗೆ ನಿಮ್ಮಪ್ಪ ಕಾಫಿ ಹುಡುಕಿಕೊಂಡು ಹೋದರೆ ಅವನ ಫೋನು ಬರೀ ಕ್ಯಾಮೆರಾ. ಅವನಿಗೂ ಒಂದು ಚಿಕ್ಕ ಪ್ಯಾಕ್ ಹಾಕಿಸು, ಇಲ್ಲಿ ಜಿಪುಣತನ ಬೇಡ. ಹೋಟೆಲಿನ ವಿಳಾಸದ ಕಾರ್ಡು ಇಬ್ಬರ ಜೇಬಿನಲ್ಲೂ ಇರಲಿ. ಅದರ ಹಿಂದೆ ನಿನ್ನ ನಂಬರು, +91 ಸೇರಿಸಿ, ಪೆನ್ನಿನಲ್ಲಿ ಬರೆದಿಡು. ತುರ್ತಿಗೆ 112.

• ಫೋನಿನಲ್ಲಿರುವ ನಂಬರುಗಳಿಗೂ +91 ಹಚ್ಚು. ಬೆಂಗಳೂರಿನ ಲ್ಯಾಂಡ್‌ಲೈನ್ ಆದರೆ 080ರ ಮೊದಲ ಸೊನ್ನೆ ಬಿಡಬೇಕು.

• ಊರೂರಿನ ಗೂಗಲ್ ಮ್ಯಾಪನ್ನು ಮನೆಯಲ್ಲೇ ಡೌನ್‌ಲೋಡ್ ಮಾಡಿಕೋ, ನೆಟ್ ಇಲ್ಲದೆಯೂ ನಾವೆಲ್ಲಿದ್ದೀವಿ ಅಂತ ತೋರಿಸುತ್ತೆ.

• ಹೊರಡುವ ಮುಂಚಿನ ವಾರ ಹೊಸ ಫೋನು ಕೊಳ್ಳಬೇಡ. ಯುಪಿಐ ಆಪ್ ಹೊಸ ಫೋನಿನಲ್ಲಿ ಶುರುವಾಗಬೇಕಾದರೆ ಊರಿನ ಸಿಮ್ಮಿನಿಂದ ಒಂದು ಎಸ್ಸೆಮ್ಮೆಸ್ ಹೋಗಬೇಕು. ಅಲ್ಲಿಂದ ಕಳಿಸೋದು ದುಬಾರಿ, ಎಷ್ಟೋ ಸಲ ಹೋಗೋದೂ ಇಲ್ಲ.

• ವಾಪಸ್ ಬೆಂಗಳೂರಿನಲ್ಲಿ ಇಳಿದ ಕೂಡಲೇ ಊರಿನ ಸಿಮ್ಮಿನ ಡೇಟಾ ಮತ್ತೆ ಆನ್ ಮಾಡು. ನಾನು ಅದನ್ನೇ ಮರೆತಿದ್ದೆ. ಟ್ಯಾಕ್ಸಿ ಆಪ್ ಚಕ್ರ ತಿರುಗಿಸುತ್ತಾ ಕೂತಿತ್ತು, ದೊಡ್ಡಮ್ಮ ಟ್ರಾಲಿ ಹಿಡಿದುಕೊಂಡು ಅರ್ಧ ಗಂಟೆ ನನ್ನನ್ನೇ ನೋಡುತ್ತಾ ನಿಂತಿದ್ದಳು. ಕೊನೆಗೆ ವಾಯುವಜ್ರ ಬಸ್ ಹತ್ತಿದೆವು. ಟ್ಯಾಕ್ಸಿಗಿಂತ ಅಗ್ಗವೇ ಆಯ್ತು ಅನ್ನು.