ತೆಗೆದುಕೊಂಡ ತುಂಡನ್ನು ಮುಗಿಸಿಕೊಡು

ಮಗಳೇ,

ಹೊಸ ಲ್ಯಾಪ್‌ಟಾಪ್ ಸುಮ್ಮನೆ ಕೂತಿರುವ ಹೊತ್ತನ್ನು ವಿಜ್ಞಾನದ ಕೆಲಸಕ್ಕೆ ಕೊಡುತ್ತೇನೆ ಅಂದೆಯಲ್ಲ, ಕೇಳಿ ತುಂಬ ಸಂತೋಷವಾಯಿತು. ಫೋನಿನಲ್ಲಿ ಹೇಳಿ ಮುಗಿಯದ ಕೆಲವು ಮಾತು ಉಳಿದಿವೆ, ಅವನ್ನು ಬರೆದು ಕಳಿಸುತ್ತಿದ್ದೇನೆ.

ಎಲ್ಲಕ್ಕಿಂತ ಮೊದಲು ಇದನ್ನು ತಿಳಿದುಕೋ. ನಿನ್ನ ಯಂತ್ರ ರಾತ್ರಿಯಿಡೀ ಲೆಕ್ಕ ಹಾಕಿ ಬೆಳಿಗ್ಗೆ ಕೊಡುವ ಉತ್ತರ ಬಹುಪಾಲು ‘ಇಲ್ಲೇನೂ ಇಲ್ಲ’ ಎಂದೇ ಇರುತ್ತದೆ. ಮರುದಿನವೂ ಅದೇ. ಅದಕ್ಕೆ ಮನಸ್ಸು ಸಿದ್ಧವಾಗಿದ್ದರೆ ಶುರುಮಾಡು.

1999ರ ಮೇ ತಿಂಗಳಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಸೆಟಿ ಅಟ್ ಹೋಮ್ ಎಂಬ ಇಂಥದೇ ಯೋಜನೆ ಶುರುವಾಯಿತು. ಪೋರ್ಟೊರಿಕೊದ ಅರೆಸಿಬೊ ರೇಡಿಯೊ ದೂರದರ್ಶಕ ಕೇಳಿಸಿಕೊಂಡದ್ದನ್ನು ಸಣ್ಣ ಸಣ್ಣ ತುಂಡು ಮಾಡಿ ಮನೆಮನೆಯ ಕಂಪ್ಯೂಟರುಗಳಿಗೆ ಹಂಚಿದರು. ಬೇರೆ ಲೋಕದ ಯಾರಾದರೂ ಮಾತಾಡುತ್ತಿದ್ದಾರೆಯೇ ಎಂದು ಹುಡುಕುವುದು ಆ ಕಂಪ್ಯೂಟರುಗಳ ಕೆಲಸ. 50 ಲಕ್ಷಕ್ಕೂ ಹೆಚ್ಚು ಜನ ಸೇರಿದರು. 2020ರ ಮಾರ್ಚ್ 31ಕ್ಕೆ ಹೊಸ ತುಂಡುಗಳನ್ನು ಹಂಚುವುದು ನಿಂತಿತು. ಅಷ್ಟು ವರ್ಷದಲ್ಲಿ ಅಂಥ ಒಂದು ದನಿಯೂ ಸಿಗಲಿಲ್ಲ. ಹಾಗಂತ ದುಡಿಮೆ ವ್ಯರ್ಥವಾಯಿತು ಎನ್ನಬೇಡ. ಅಲ್ಲಿನ ಡೇವಿಡ್ ಆಂಡರ್ಸನ್ ಆ ಅನುಭವದಿಂದಲೇ ಬೋಯಿಂಕ್ ಎಂಬ ಮುಕ್ತ ತಂತ್ರಾಂಶ ಕಟ್ಟಿದರು. ನೀನು ನಾಳೆ ಇಳಿಸಿಕೊಳ್ಳಬೇಕಾದದ್ದು ಅದನ್ನೇ.

ಬೋಯಿಂಕ್ ಹಾಕಿಕೊಂಡರೆ ಮುಂದೆ ಹತ್ತಾರು ಯೋಜನೆಗಳು ಕಾಣುತ್ತವೆ. ಹವಾಮಾನದ್ದಿದೆ, ಕ್ಷುದ್ರಗ್ರಹದ್ದಿದೆ, ಕಾಯಿಲೆಗಳಿಗೆ ಔಷಧ ಹುಡುಕುವುದಿದೆ. ನನ್ನನ್ನು ಕೇಳಿದರೆ ಐನ್‌ಸ್ಟೈನ್ ಅಟ್ ಹೋಮ್ ಆರಿಸಿಕೋ. 2005ರಲ್ಲಿ ಆರಂಭವಾದದ್ದು. ಜರ್ಮನಿಯ ಹ್ಯಾನೋವರ್‌ನಲ್ಲಿರುವ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಬ್ರೂಸ್ ಆಲೆನ್ ಅದರ ಮುಂದಾಳು.

ಅಲ್ಲಿ ಹುಡುಕುವುದು ಏನನ್ನು ಅಂದರೆ, ಸತ್ತ ನಕ್ಷತ್ರಗಳ ಗಿರಕಿಯನ್ನು. ಅಂಥ ಸತ್ತ ನಕ್ಷತ್ರ, ಅಂದರೆ ನ್ಯೂಟ್ರಾನ್ ನಕ್ಷತ್ರ, ಅಡ್ಡಳತೆಯಲ್ಲಿ ಬರೀ ಇಪ್ಪತ್ತು, ಇಪ್ಪತ್ತೈದು ಕಿಲೋಮೀಟರ್. ತೂಕದಲ್ಲಿ ಸೂರ್ಯನಿಗಿಂತ ಹೆಚ್ಚು. ಅದರ ಮೈಮೇಲೆ ಎಲ್ಲೋ ಒಂದು ಚೂರು ಉಬ್ಬು ಇದ್ದರೂ ಸಾಕು, ತಿರುಗುತ್ತಾ ತಿರುಗುತ್ತಾ ಸಣ್ಣ ಗುರುತ್ವದ ಅಲೆಯೊಂದನ್ನು ಬಿಡದೆ ಹೊಮ್ಮಿಸಬೇಕು. 2015ರ ಸೆಪ್ಟೆಂಬರ್ 14ರಂದು ಗುರುತ್ವದ ಅಲೆ ಹಿಡಿಯುವ ಲೈಗೊ ಎಂಬ ಶೋಧಕ ಮೊದಲ ಬಾರಿ ಹಿಡಿದದ್ದು ಎರಡು ಕಪ್ಪುಕುಳಿ ಡಿಕ್ಕಿಯಾದಾಗ ಎದ್ದ ಅಲೆ. ಅದು ಒಂದು ಸೆಕೆಂಡೂ ಬಾಳಲಿಲ್ಲ. (ಹಾಗೆ ಪೆಟ್ಟು ತಿಂದ ಕಪ್ಪುಕುಳಿ ಗಂಟೆಯಂತೆ ಮೊಳಗಿ ಅಡಗುತ್ತದೆ ಎಂದು 1970ರಲ್ಲೇ ಲೆಕ್ಕ ಹಾಕಿ ತೋರಿಸಿದವರು ನಮ್ಮ ಬೆಂಗಳೂರಿನ ಸಿ.ವಿ. ವಿಶ್ವೇಶ್ವರ. ಇದನ್ನು ನಿನ್ನ ಗೆಳತಿಯರಿಗೂ ಹೇಳು.) ನ್ಯೂಟ್ರಾನ್ ನಕ್ಷತ್ರದ ಅಲೆಯಾದರೋ ಅದಕ್ಕಿಂತ ಎಷ್ಟೋ ಪಾಲು ಕ್ಷೀಣ. ತಿಂಗಳುಗಟ್ಟಲೆ ದಾಖಲೆಯನ್ನು ಒಟ್ಟು ಸೇರಿಸಿ ಸೋಸಿದರೇನೇ ಕಂಡೀತು. ಜೊತೆಗೆ ಭೂಮಿ ತಾನೇ ಸುತ್ತುತ್ತಿರುತ್ತದೆ, ಆದ್ದರಿಂದ ಆಕಾಶದ ಒಂದೊಂದು ದಿಕ್ಕಿಗೂ ಒಂದೊಂದು ವೇಗಕ್ಕೂ ಲೆಕ್ಕವನ್ನು ಹೊಸದಾಗಿ ಮಾಡಬೇಕು. ಯಾವ ಒಂದು ಪ್ರಯೋಗಾಲಯದ ಕಂಪ್ಯೂಟರಿಗೂ ಅಷ್ಟು ಬಿಡುವಿಲ್ಲ. ನಿನ್ನಂಥವರ ರಾತ್ರಿಗಳು ಬೇಕಾಗುವುದು ಅಲ್ಲಿ.

ಇಷ್ಟು ವರ್ಷ ಹುಡುಕಿದರೂ ಆ ಅಲೆ ಕೈಗೆ ಸಿಕ್ಕಿಲ್ಲ. ಆದರೂ ಪ್ರತಿ ಸುತ್ತಿನ ಹುಡುಕಾಟ ಮುಗಿದಾಗ ಒಂದು ಪ್ರಬಂಧ ಹೊರಬರುತ್ತದೆ: ಇಂತಿಷ್ಟು ದೂರದೊಳಗೆ, ಇಂತಿಷ್ಟು ವೇಗದಲ್ಲಿ ತಿರುಗುವ ನಕ್ಷತ್ರದ ಮೇಲೆ ಇದಕ್ಕಿಂತ ದೊಡ್ಡ ಉಬ್ಬು ಇರಲಾರದು ಎಂದು. ನಿನ್ನ ‘ಇಲ್ಲ’ ಆ ವಾಕ್ಯದೊಳಗೆ ಸೇರಿಕೊಂಡಿರುತ್ತದೆ. ಅದೂ ಒಂದು ತಿಳಿವಳಿಕೆಯೇ. ಅದನ್ನು ಪಡೆಯಲು ಬೇರೆ ದಾರಿ ಇರಲಿಲ್ಲ.

ಕೆಲವೊಮ್ಮೆ ‘ಇದೆ’ ಎಂಬ ಉತ್ತರವೂ ಬರುತ್ತದೆ. ಅದೇ ಯೋಜನೆಯವರು ಅರೆಸಿಬೊದ ದಾಖಲೆಗಳಲ್ಲಿ ಪಲ್ಸಾರ್‌ಗಳನ್ನೂ, ಅಂದರೆ ತಿರುಗುತ್ತಾ ರೇಡಿಯೊ ಮಿಡಿತ ಕಳಿಸುವ ನ್ಯೂಟ್ರಾನ್ ನಕ್ಷತ್ರಗಳನ್ನೂ, ಹುಡುಕಲು ಹೊರಟರು. 2007ರಲ್ಲಿ ದಾಖಲಾಗಿದ್ದ ಮಾಹಿತಿಯಲ್ಲಿ ಸೆಕೆಂಡಿಗೆ ಸುಮಾರು 41 ಸುತ್ತು ತಿರುಗುವ ಹೊಸ ಪಲ್ಸಾರ್ ಒಂದು ಸಿಕ್ಕಿತು, 2010ರ ಆಗಸ್ಟ್‌ನಲ್ಲಿ ಅದನ್ನು ಪ್ರಕಟಿಸಿದರು. ಕಂಡುಹಿಡಿದ ಯಂತ್ರಗಳು ಎರಡು. ಒಂದು ಐಯೊವಾದ ಏಮ್ಸ್ ಊರಿನ ದಂಪತಿಯದು, ಇನ್ನೊಂದು ಜರ್ಮನಿಯ ಮೈಂಟ್ಸ್‌ನ ಒಬ್ಬರದು. ಯಾಕೆ ಎರಡು ಗೊತ್ತೇ? ಯಾರದೋ ಮನೆಯ ಯಂತ್ರ ಬಿಸಿಯಾಗಿ ತಪ್ಪು ಲೆಕ್ಕ ಕೊಟ್ಟೀತು, ಇನ್ಯಾರೋ ಬೇಕೆಂದೇ ಸುಳ್ಳು ಉತ್ತರ ಕಳಿಸಿಯಾರು. ಅದಕ್ಕೇ ಒಂದೇ ತುಂಡನ್ನು ಒಬ್ಬರನ್ನೊಬ್ಬರು ಅರಿಯದ ಇಬ್ಬರಿಗೆ ಕೊಟ್ಟು, ಉತ್ತರ ತಾಳೆಯಾದರೆ ಮಾತ್ರ ಒಪ್ಪುವ ಕ್ರಮ ಇಟ್ಟುಕೊಂಡಿದ್ದರು.

ಈ ಕ್ರಮದಿಂದ ನಿನ್ನ ಮೇಲೊಂದು ಹೊಣೆ ಬೀಳುತ್ತದೆ. ಪ್ರತಿ ತುಂಡಿಗೂ ಒಂದು ಗಡುವು ಇರುತ್ತದೆ. ನೀನು ತಡಮಾಡಿದರೆ ಅದನ್ನು ಮೂರನೆಯವರಿಗೆ ಹಂಚಬೇಕು. ಆಗಲೇ ಮುಗಿಸಿಕೊಟ್ಟವರ ಉತ್ತರ ಅಷ್ಟು ದಿನ ಜೋಡಿಯಿಲ್ಲದೆ ಕಾಯಬೇಕು. ಆಸೆಗೆ ಬಿದ್ದು ರಾಶಿ ಕೆಲಸ ಇಳಿಸಿಕೊಂಡು ಕೂರಬೇಡ. ಆಗುವುದಿಲ್ಲ ಅನ್ನಿಸಿದ ತುಂಡನ್ನು ರದ್ದುಮಾಡಿ ಹಿಂದಿರುಗಿಸಿಬಿಡು, ಅದರಲ್ಲಿ ನಾಚಿಕೆಯೇನಿಲ್ಲ. ಆರಂಭದ ಹುಮ್ಮಸ್ಸೊಂದೇ ಸಾಲದು. 2020ರ ಕೊರೊನಾ ಕಾಲದಲ್ಲಿ ಪ್ರೋಟೀನು ಮಡಚಿಕೊಳ್ಳುವ ಬಗೆ ತಿಳಿಯುವ ಫೋಲ್ಡಿಂಗ್ ಅಟ್ ಹೋಮ್‌ಗೆ ಜನ ಎಷ್ಟು ಮುಗಿಬಿದ್ದರೆಂದರೆ, ಕೆಲವು ದಿನ ಹಂಚಲು ತುಂಡುಗಳೇ ಸಾಲದೆ ಹೋದವು. ಆ ಹುಮ್ಮಸ್ಸು ದೊಡ್ಡದೇ, ನಾನು ಕೈಮುಗಿಯುತ್ತೇನೆ. ಆದರೆ ಭಯ ಇಳಿದ ಮೇಲೂ ಕಾಯಿಲೆಗಳು ಇದ್ದೇ ಇವೆ. ಹುಮ್ಮಸ್ಸು ಆರಿದ ಮೇಲೂ ಬಿಡದೆ ನಡೆಸುವವರೇ ಇಂಥ ಕೆಲಸಕ್ಕೆ ಆಧಾರ.

ಈಗ ಖರ್ಚಿನ ಮಾತು. ಇದು ಪುಕ್ಕಟೆ ಎಂದು ಯಾರಾದರೂ ಹೇಳಿದರೆ ನಂಬಬೇಡ. ಲೆಕ್ಕ ಹಾಕುತ್ತಿರುವಾಗ ಲ್ಯಾಪ್‌ಟಾಪ್ 100 ವ್ಯಾಟ್ ಎಳೆದರೆ ಹತ್ತು ಗಂಟೆಗೆ ಒಂದು ಯೂನಿಟ್ ಕರೆಂಟು. ನೀನಿರುವುದು ಪಿಜಿಯಲ್ಲಿ, ಕರೆಂಟು ಬಿಲ್ಲು ಕಟ್ಟುವವರು ಅದರ ಮಾಲೀಕರು. ಅವರಿಗೆ ಹೇಳಿ, ಬೇಕಾದರೆ ನಿನ್ನ ಪಾಲು ಕೊಟ್ಟು ನಡೆಸು. ಬೇರೆಯವರ ದುಡ್ಡಿನಲ್ಲಿ ಮಾಡಿದ್ದು ದಾನವಾಗುವುದಿಲ್ಲ. ಕಾಲೇಜಿನ ಲ್ಯಾಬಿನ ಕಂಪ್ಯೂಟರಿಗೆ ಹಾಕಬೇಕೆನ್ನಿಸಿದರೆ ಎಚ್ಓಡಿಯ ಲಿಖಿತ ಅನುಮತಿ ತೆಗೆದುಕೋ. ಅಮೆರಿಕದ ಜಾರ್ಜಿಯಾದಲ್ಲಿ ಕಾಲೇಜೊಂದರ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದವರೊಬ್ಬರು ಕೇಳದೆ ಇಂಥದೊಂದು ತಂತ್ರಾಂಶ ಹಾಕಿ ಕ್ರಿಮಿನಲ್ ಮೊಕದ್ದಮೆ ಎದುರಿಸಬೇಕಾಯಿತು. 2002ರಲ್ಲಿ ಅದು ಪ್ರೊಬೇಷನ್ನಿನಲ್ಲಿ ಮುಗಿಯಿತು.

ತಂತ್ರಾಂಶವನ್ನು ಬೋಯಿಂಕ್‌ನ ಸ್ವಂತ ತಾಣದಿಂದಲೇ ಇಳಿಸಿಕೋ. ವಿಜ್ಞಾನದ ಹೆಸರು ಹೇಳಿ ನಿನ್ನ ಯಂತ್ರದಲ್ಲಿ ಕ್ರಿಪ್ಟೊ ನಾಣ್ಯ ಗಳಿಸಿಕೊಳ್ಳುವವರು ಇರಬಹುದು. ಯೋಜನೆ ನಡೆಸುವವರು ಯಾವ ಸಂಸ್ಥೆಯವರು, ಫಲಿತಾಂಶವನ್ನು ಪ್ರಕಟಿಸಿದ್ದಾರೆಯೇ ಎಂಬ ಎರಡನ್ನು ನೋಡದೆ ಸೇರಬೇಡ. ಮುಗಿಸಿದ ತುಂಡುಗಳಿಗೆ ಸಿಗುವ ಕ್ರೆಡಿಟ್ ಅಂಕಗಳ ಪಟ್ಟಿಯಲ್ಲಿ ಮೇಲೇರಲೆಂದು ಹೊಸ ಗ್ರಾಫಿಕ್ಸ್ ಕಾರ್ಡ್ ಕೊಳ್ಳುವ ಹುಚ್ಚಂತೂ ಬೇಡವೇ ಬೇಡ.

ಸೆಟ್ಟಿಂಗ್ಸ್‌ನಲ್ಲಿ ಅರ್ಧ ಕೋರ್‌ಗಳನ್ನು ಮಾತ್ರ ಕೊಡು. ಬ್ಯಾಟರಿಯಲ್ಲಿ ಓಡುವಾಗ ನಿಲ್ಲುವಂತೆ ಮಾಡು. ಲ್ಯಾಪ್‌ಟಾಪನ್ನು ಹಾಸಿಗೆಯ ಮೇಲಿಟ್ಟು ಓಡಿಸಬೇಡ, ಮೇಜಿನ ಮೇಲಿಡು, ಗಾಳಿಕಿಂಡಿ ಮುಚ್ಚದಿರಲಿ. ಸೆಮಿಸ್ಟರ್ ಪರೀಕ್ಷೆ ಹತ್ತಿರ ಬಂದಾಗ ‘ಹೊಸ ಕೆಲಸ ಬೇಡ’ ಎನ್ನುವ ಗುಂಡಿ ಒತ್ತಿ, ಕೈಯಲ್ಲಿ ಉಳಿದ ತುಂಡುಗಳನ್ನು ಗಡುವಿನೊಳಗೆ ಮುಗಿಸಿ ಕಳಿಸಿ, ಆಮೇಲೆ ಓದಲು ಕೂರು.

ನಿನ್ನ
ದೊಡ್ಡಪ್ಪ